ಮನೆಯಲ್ಲೇ ಗಾಡಿ ರಿಪೇರಿ: ಯಾವ ಪಾನಾ ಮೊದಲು, ಯಾವುದು ಆಮೇಲೆ

"ಸಣ್ಣಪುಟ್ಟ ರಿಪೇರಿ ಮನೆಯಲ್ಲೇ ಮಾಡಿಕೊಳ್ಳಬೇಕು ಅಂತಿದ್ದೇನೆ, ಯಾವ ಟೂಲ್ ಸೆಟ್ ತಗೊಳ್ಳಲಿ?" ಈ ಪ್ರಶ್ನೆ ಮಳೆಗಾಲ ಹತ್ತಿರ ಬಂದಂತೆಲ್ಲ ಹೆಚ್ಚಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದ ಮನೆಯವರು ಕೇಳುವುದಕ್ಕೆ ಕಾರಣ ಗ್ಯಾರೇಜು ದೂರ ಇರುವುದು. ಕಾರವಾರ, ಅಂಕೋಲಾ, ಕುಮಟಾದವರ ಪ್ರಶ್ನೆಗೆ ಇನ್ನೊಂದು ಬಾಲ ಇರುತ್ತದೆ: "ಹಿಂದೆ ಒಂದು ಸೆಟ್ ತಂದಿದ್ದೆ, ಎರಡು ಮಳೆಗಾಲಕ್ಕೆ ಎಲ್ಲ ತುಕ್ಕು ಹಿಡೀತು."

ಇಬ್ಬರಿಗೂ ನಾನು ಹೇಳುವುದು ಒಂದೇ. ಸೆಟ್ ಕೊಳ್ಳುವ ಯೋಚನೆ ಬಿಡಿ. ನಿಮ್ಮ ಅಂಗಳದಲ್ಲಿ ನಿಂತಿರುವ ಗಾಡಿಗೆ ಏನು ಬೇಕೋ ಅದನ್ನು, ಕೆಲಸ ಬಂದ ಹಾಗೆ, ಒಂದೊಂದಾಗಿ ಕೊಳ್ಳಿ. ಕೊಂಡದ್ದನ್ನು ನಮ್ಮ ಹವೆಯಿಂದ ಕಾಪಾಡಿಕೊಳ್ಳಿ. ಈ ಎರಡನೆಯದಕ್ಕೆ ಕೊಳ್ಳುವುದಕ್ಕಿಂತ ಹೆಚ್ಚು ಗಮನ ಬೇಕು, ಹಾಗಾಗಿ ಅದರ ಬಗ್ಗೆ ಕೆಳಗೆ ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ.

1. ಅಂಗಡಿಗೆ ಹೋಗುವ ಮೊದಲು ಪಟ್ಟಿ

ಮನೆಯಲ್ಲಿರುವ ಗಾಡಿಗಳನ್ನು ಬರೆದುಕೊಳ್ಳಿ. ಸ್ಕೂಟರ್, ಬೈಕು, ಕಾರು, ತೋಟದ ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪಿನ ಎಂಜಿನ್ನು, ಎಲ್ಲವೂ ಬರಲಿ. ಗಾಡಿಯ ಜೊತೆ ಬಂದ ಮಾಲೀಕರ ಕೈಪಿಡಿಯನ್ನು ಹುಡುಕಿ ತೆಗೆದಿಡಿ. ಪ್ಲಗ್ (ಎಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಭಾಗ) ಯಾವುದು, ಆಯಿಲ್ ಎಷ್ಟು, ಟೈರಿಗೆ ಗಾಳಿ ಎಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಈಗ ಸೈಜಿನ ವಿಷಯ. ಪಾನಾದ (ಸ್ಪ್ಯಾನರಿನ) ಮೇಲೆ 10, 12, 14 ಎಂದು ಬರೆದಿರುವುದು ಬೋಲ್ಟಿನ ದಪ್ಪ ಅಲ್ಲ, ಬೋಲ್ಟಿನ ತಲೆಯ ಒಂದು ಚಪ್ಪಟೆ ಮುಖದಿಂದ ಎದುರಿನ ಮುಖಕ್ಕಿರುವ ಅಗಲ, ಮಿಲಿಮೀಟರಿನಲ್ಲಿ. 6 ಮಿ.ಮೀ. ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 10ರ ಪಾನಾ ಬೇಕು. 8 ಮಿ.ಮೀ. ಬೋಲ್ಟಿಗೆ ಜಪಾನ್ ಪದ್ಧತಿಯ ಗಾಡಿಗಳಲ್ಲಿ 12, ಯುರೋಪಿನ ಪದ್ಧತಿಯಲ್ಲಿ 13. ಪಕ್ಕದ ಮನೆಯವರ ಮಾರುತಿಗೆ ಸಾಕಾದ ಸೆಟ್ಟು ನಿಮ್ಮ ಗಾಡಿಗೆ ಸಾಲದೆ ಹೋಗುವುದು ಇದಕ್ಕೇ. ಹೋಂಡಾ, ಹೀರೋ, ಮಾರುತಿ ಇದ್ದವರಿಗೆ 8, 10, 12, 14, 17, 19 ಬಹುಪಾಲು ಕೆಲಸ ಮುಗಿಸುತ್ತವೆ. ಟಾಟಾ, ಮಹೀಂದ್ರಾ, ಫೋಕ್ಸ್‌ವ್ಯಾಗನ್ ಇದ್ದವರು 13 ಮತ್ತು 16ನ್ನು ಮರೆಯಬೇಡಿ.

ಘಟ್ಟದ ಮೇಲಿನ ಮನೆಗಳಲ್ಲಿ ಹಳೆಯ ಜೀಪು ಇನ್ನೂ ಓಡುತ್ತಿರುತ್ತದೆ. ಅದರ ಬಹಳಷ್ಟು ಬೋಲ್ಟು ಇಂಚಿನ ಲೆಕ್ಕದ್ದು. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂರುತ್ತದೆ, ತಿರುಗುತ್ತದೆ ಕೂಡ. ಆದರೆ ತುಕ್ಕು ಹಿಡಿದ ಬೋಲ್ಟಿಗೆ ಹಾಗೆ ಬಲ ಹಾಕಿದ ದಿನ ಅದರ ಆರೂ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಅದನ್ನು ತೆಗೆಯಲು ವೆಲ್ಡಿಂಗಿನವರ ಹತ್ತಿರ ಹೋಗಬೇಕು. ಜೀಪು ಇದ್ದವರು ಇಂಚಿನ ನಾಲ್ಕು ಪಾನಾ ಬೇರೆಯೇ ತನ್ನಿ.

2. ಮೊದಲ ಖರೀದಿ

ಇಷ್ಟಿದ್ದರೆ ಶುರು ಮಾಡಬಹುದು:

- ರಿಂಗ್ ಪಾನಾ (ತುದಿ ಬಳೆಯ ಹಾಗೆ ಮುಚ್ಚಿರುವುದು), 6×7ರಿಂದ 20×22ರವರೆಗಿನ ಎಂಟರ ಕಟ್ಟು
- ಫಿಕ್ಸ್ ಪಾನಾ (ಬಾಯಿ ತೆರೆದಿರುವುದು), ಅದೇ ಅಳತೆಗಳಲ್ಲಿ
- ನಿಮ್ಮ ಗಾಡಿಯ ಪ್ಲಗ್ ಪಾನಾ
- ಸ್ಕ್ರೂ ಡ್ರೈವರ್: ಚಪ್ಪಟೆ ಎರಡು, ಸ್ಟಾರ್ ಎರಡು
- ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್ (ಉದ್ದ ಮೂತಿಯ ಇಕ್ಕಳ)
- ಎಲನ್ ಕೀ, ಅಂದರೆ ಷಟ್ಕೋನದ ಕುಳಿ ಇರುವ ಬೋಲ್ಟಿಗೆ ಹಾಕುವ ಎಲ್ ಆಕಾರದ ಕಡ್ಡಿ: 4, 5, 6, 8
- ಗಾಳಿ ಅಳೆಯುವ ಗೇಜು, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್
- ಮಲ್ಟಿಮೀಟರ್, ಇನ್ಸುಲೇಷನ್ ಟೇಪು, ಹಣೆಗೆ ಕಟ್ಟುವ ಟಾರ್ಚು

ರಿಂಗ್ ಮತ್ತು ಫಿಕ್ಸ್ ಎರಡೂ ಯಾಕೆ ಎಂದು ಕೇಳುವವರಿದ್ದಾರೆ. ಬಿಗಿಯಾದ ಬೋಲ್ಟನ್ನು ಬಿಡಿಸಲು ಯಾವತ್ತೂ ರಿಂಗ್, ಏಕೆಂದರೆ ಅದು ಸುತ್ತಲೂ ಹಿಡಿಯುತ್ತದೆ. ಫಿಕ್ಸ್ ಹಿಡಿಯುವುದು ಎರಡೇ ಮುಖವನ್ನು. ಸಡಿಲಾದ ಮೇಲೆ ಬೇಗ ತಿರುಗಿಸಲಿಕ್ಕೆ, ರಿಂಗ್ ತೂರಿಸಲು ಜಾಗವಿಲ್ಲದ ಕಡೆಗೆ ಫಿಕ್ಸ್ ಬೇಕು. ಯಾವುದೇ ಆಗಲಿ, ನಿಮ್ಮ ಕಡೆಗೆ ಎಳೆಯಿರಿ, ಮುಂದಕ್ಕೆ ತಳ್ಳಬೇಡಿ. ತಳ್ಳುವಾಗ ಜಾರಿದರೆ ಬೆರಳಿನ ಗೆಣ್ಣು ನೇರ ಎಂಜಿನ್ನಿಗೆ ಬಡಿಯುತ್ತದೆ.

ಹೊಸಬರು ಎಡವುವ ಜಾಗ ಪ್ಲಗ್ ಪಾನಾ. ಈಗಿನ ಬಹಳ ಸ್ಕೂಟರ್, ಬೈಕುಗಳಿಗೆ 16 ಬೇಕು. ಕೆಲವಕ್ಕೆ 18, ಹಳೆಯ ದಪ್ಪ ಪ್ಲಗ್ಗಿಗೆ 21. ಗಾಡಿಯಲ್ಲಿರುವ ಪ್ಲಗ್ಗನ್ನೇ ಬಿಚ್ಚಿಸಿ ಅಂಗಡಿಗೆ ಒಯ್ದು ನೋಡಿದರೆ ತಪ್ಪಾಗದು. ಹೊಸ ಪ್ಲಗ್ಗನ್ನು ಮೊದಲು ಬರಿಗೈಯಲ್ಲಿ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಾಕಿ. ಸಿಲಿಂಡರಿನ ತಲೆ ಅಲ್ಯೂಮಿನಿಯಮ್ಮಿನದು, ಓರೆಯಾಗಿ ಕೂತ ಪ್ಲಗ್ಗಿಗೆ ಬಲ ಹಾಕಿದರೆ ಅದರ ಥ್ರೆಡ್ (ಒಳಗಿನ ತಿರುಪಿನ ಗೆರೆ) ಕಿತ್ತುಹೋಗುತ್ತದೆ.

ಸ್ಟಾರ್ ಸ್ಕ್ರೂ ಬಗ್ಗೆಯೂ ಒಂದು ಮಾತು. ಜಪಾನ್ ಮೂಲದ ಬೈಕುಗಳ ಸ್ಟಾರ್ ಸ್ಕ್ರೂ ನೋಡಲು ಮಾಮೂಲಿನಂತೆ ಕಂಡರೂ ಅದರ ಕುಳಿಯ ಆಕಾರ ತುಸು ಬೇರೆ. ಮಾಮೂಲಿ ಸ್ಕ್ರೂ ಡ್ರೈವರ್ ಅದರಲ್ಲಿ ತಳ ಮುಟ್ಟದೆ ಮೇಲಕ್ಕೆ ಜಿಗಿಯುತ್ತದೆ, ಎರಡು ಸಲ ಜಿಗಿದರೆ ತಲೆ ಹಾಳು. ಅದಕ್ಕೆ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಎಂಬುದು ಸಿಗುತ್ತದೆ. ಮೇಲಿನಿಂದ ಹೊಡೆದ ಪೆಟ್ಟು ಒಳಕ್ಕೆ ಒತ್ತುತ್ತಲೇ ತಿರುಗಿಸುತ್ತದೆ. ಉಪ್ಪುಗಾಳಿಯಲ್ಲಿ ನಿಲ್ಲುವ ಬೈಕಿನ ಸ್ಕ್ರೂಗಳಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಮಲ್ಟಿಮೀಟರಿಗೆ ಹೆದರಬೇಡಿ. ಡಿಸಿ 20 ವೋಲ್ಟಿಗೆ ತಿರುಗಿಸಿ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪನ್ನು ನೆಗೆಟಿವ್‌ಗೆ ಮುಟ್ಟಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6ರ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧಕ್ಕೆ ಬಂದಿದೆ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ತೋರಿಸಬೇಕು. ಆಗಲೂ 12ರಲ್ಲೇ ನಿಂತಿದ್ದರೆ ತೊಂದರೆ ಇರುವುದು ಚಾರ್ಜಿಂಗಿನಲ್ಲಿ, ಹೊಸ ಬ್ಯಾಟರಿ ತಂದರೂ ಅದೇ ಕಥೆ. ಈ ಒಂದು ಪರೀಕ್ಷೆ ಬ್ಯಾಟರಿಯ ದುಡ್ಡು ಉಳಿಸಿದ್ದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕ್ರಮ ತಪ್ಪಿ ಪಾನಾ ಗಾಡಿಯ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ.

3. ಅಂಗಡಿಯಲ್ಲಿ

ಪೆಟ್ಟಿಗೆಯ ಮೇಲೆ "108 ಪೀಸ್" ಎಂದು ಬರೆದದ್ದನ್ನು ಕಂಡು ಮರುಳಾಗಬೇಡಿ. ತೆರೆದು ಎಣಿಸಿ ನೋಡಿ, ಅರ್ಧಕ್ಕರ್ಧ ಸ್ಕ್ರೂ ಡ್ರೈವರಿನ ಸಣ್ಣ ಬಿಟ್ಟುಗಳು ಇರುತ್ತವೆ. ತಪಾರಿಯಾ, ಸ್ಟ್ಯಾನ್ಲಿಯಂಥ ಹೆಸರಿರುವ ಕಂಪನಿಯ ಹದಿನೈದು ಸಾಮಾನು ಆ ನೂರೆಂಟಕ್ಕಿಂತ ಹೆಚ್ಚು ವರ್ಷ ಬಾಳುತ್ತದೆ. ಮೈಮೇಲೆ ಕ್ರೋಮ್ ವನೇಡಿಯಂ ಎಂಬ ಗುರುತು ಇದೆಯೇ ನೋಡಿ. ಅದು ಗಟ್ಟಿ ಉಕ್ಕಿನ ಮಿಶ್ರಲೋಹ. ಹೊಸ ಬೋಲ್ಟೊಂದನ್ನು ಅಂಗಡಿಯಲ್ಲೇ ಕೇಳಿ ಪಡೆದು ಪಾನಾ ಹಾಕಿ ಅಲ್ಲಾಡಿಸಿ. ಲೊಟಲೊಟ ಎಂದರೆ ಬೇಡ. ಕರಾವಳಿಯವರು ಕಪ್ಪು ಬಣ್ಣದ ಟೂಲಿಗಿಂತ ಕ್ರೋಮ್ ಲೇಪನ ಇರುವುದನ್ನೇ ಆರಿಸಿ. ಕಪ್ಪು ಲೇಪನಕ್ಕೆ ಉಪ್ಪುಗಾಳಿ ತಡೆಯುವ ಶಕ್ತಿ ಕಡಿಮೆ.

4. ಎರಡನೆಯ ಸುತ್ತು: ಸಾಕೆಟ್ ಮತ್ತು ಟಾರ್ಕ್ ರೆಂಚ್

ನಾಲ್ಕಾರು ತಿಂಗಳು ಕೆಲಸ ಮಾಡಿದ ಮೇಲೆ ಸಾಕೆಟ್ ಸೆಟ್ಟಿಗೆ ಕೈ ಹಾಕಿ. ಬೋಲ್ಟಿನ ತಲೆಯ ಮೇಲೆ ಟೊಪ್ಪಿಗೆಯಂತೆ ಕೂರುವ ಬಟ್ಟಲೇ ಸಾಕೆಟ್, ಅದನ್ನು ಕಟಕಟ ತಿರುಗಿಸುವ ಹಿಡಿಕೆ ರ್‍ಯಾಚೆಟ್. ಹಿಡಿಕೆಯ ಚೌಕದ ಅಳತೆ ಕಾಲು, ಎಂಟನೇ ಮೂರು (3/8), ಅರ್ಧ ಇಂಚು ಎಂದು ಮೂರು ಬಗೆ. ಬೈಕಿಗೂ ಕಾರಿಗೂ ಸೇರಿ ಒಂದೇ ಕೊಳ್ಳುವುದಾದರೆ ಎಂಟನೇ ಮೂರರದ್ದು. ಒಳಗೆ ಹನ್ನೆರಡು ಮೂಲೆ ಇರುವುದಕ್ಕಿಂತ ಆರು ಮೂಲೆಯ ಸಾಕೆಟ್ ತೆಗೆದುಕೊಳ್ಳಿ, ತುಕ್ಕು ಹಿಡಿದ ಬೋಲ್ಟಿನ ಮೂಲೆ ಅದರಲ್ಲಿ ಉಳಿಯುತ್ತದೆ. ರ್‍ಯಾಚೆಟ್ಟಿನಲ್ಲೇ ಮೈಬಲ ಹಾಕಿ ಬಿಡಿಸಲು ಹೋಗಬೇಡಿ, ಒಳಗಿನ ಹಲ್ಲು ಮುರಿಯುತ್ತದೆ. ಆ ಕೆಲಸಕ್ಕೆ ಉದ್ದನೆಯ ಹಿಡಿಕೆಯ ಸಾದಾ ಸರಳು ಇದೆ.

ಟಾರ್ಕ್ ರೆಂಚ್ ಎಂದರೆ ಎಷ್ಟು ಬಿಗಿ ಮಾಡಿದೆವು ಎಂದು ಹೇಳುವ ಪಾನಾ. ಅಳತೆ ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸರಳಿನ ತುದಿಗೆ ಒಂದು ಕಿಲೋ ತೂಗುಹಾಕಿದರೆ ಸುಮಾರು 10 ನ್ಯೂಟನ್ ಮೀಟರ್. ಕಾರಿನ ಗಾಲಿಯ ನಟ್ಟಿಗೆ ಬಹಳ ಕಂಪನಿಗಳು 85ರಿಂದ 110ರೊಳಗೆ ಹೇಳುತ್ತವೆ, ಬೈಕಿನ ಸಣ್ಣ ಬೋಲ್ಟಿಗೆ 10 ಸಾಕು. ಒಂದೇ ರೆಂಚು ಎರಡಕ್ಕೂ ಆಗುವುದಿಲ್ಲ. ಆಯಿಲ್ ಇಳಿಸುವ ಡ್ರೈನ್ ಬೋಲ್ಟನ್ನು "ಇನ್ನೊಂದು ಚೂರು ಇರಲಿ" ಎಂದು ಬಿಗಿದು ಥ್ರೆಡ್ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಆ ರಿಪೇರಿಗೆ ಕೊಟ್ಟ ದುಡ್ಡಿನಲ್ಲಿ ಸಾಧಾರಣ ಟಾರ್ಕ್ ರೆಂಚೇ ಬರುತ್ತಿತ್ತು. ಬಿಚ್ಚಲಿಕ್ಕೆ ಅದನ್ನು ಬಳಸಬೇಡಿ. ಕೆಲಸ ಆದ ಮೇಲೆ ಅತಿ ಕಡಿಮೆ ಅಂಕಿಗೆ ಇಳಿಸಿ ಇಡಿ.

2013ರ ಏಪ್ರಿಲ್ ನಂತರದ ಕಾರು ಇದ್ದರೆ ಓಬಿಡಿ ಸ್ಕ್ಯಾನರ್ ಕೂಡ ಕೊಳ್ಳಬಹುದು. ಸ್ಟೀರಿಂಗಿನ ಕೆಳಗಿನ ಜಾಗಕ್ಕೆ ಸಿಕ್ಕಿಸಿದರೆ ಎಂಜಿನ್ ದೀಪ ಯಾಕೆ ಹತ್ತಿತು ಎಂಬ ಸಂಕೇತ ಮೊಬೈಲಿನಲ್ಲಿ ಕಾಣುತ್ತದೆ. ಅದು ತೋರಿಸುವುದು ತೊಂದರೆ ಕಂಡ ಜಾಗವನ್ನು, ಬದಲಿಸಬೇಕಾದ ಭಾಗವನ್ನಲ್ಲ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಮಲಗುವ ಇಲಿ ವೈರು ಕಡಿದಾಗಲೂ ಅದೇ ದೀಪ ಹತ್ತುತ್ತದೆ. ಸೆನ್ಸರ್ ತರಿಸುವ ಮುಂಚೆ ಅದಕ್ಕೆ ಹೋಗುವ ವೈರನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ನೋಡಿ.

5. ಜಾಕು, ಮತ್ತು ಚಿರೆಕಲ್ಲು

ಇದನ್ನು ಓದದೆ ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕಾರಿನ ಜೊತೆ ಬರುವ ಕತ್ತರಿ ಜಾಕು ಗಾಲಿ ಬದಲಿಸಲಿಕ್ಕೆ ಮಾತ್ರ. ಕಾರಿನ ಅಡಿಗೆ ತಲೆ ಹಾಕುವುದಾದರೆ ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಎತ್ತುವುದು ಜಾಕು, ಹೊತ್ತು ನಿಲ್ಲುವುದು ಸ್ಟ್ಯಾಂಡು. ಹೈಡ್ರಾಲಿಕ್ ಜಾಕು ಎಷ್ಟೇ ದೊಡ್ಡದಿರಲಿ, ಒಳಗಿನ ರಬ್ಬರ್ ಸೀಲು ಸೋತರೆ ಇಳಿದುಬಿಡುತ್ತದೆ.

ನಮ್ಮ ಕಡೆ ಸ್ಟ್ಯಾಂಡಿನ ಬದಲು ಅಂಗಳದಲ್ಲಿ ಬಿದ್ದಿರುವ ಚಿರೆಕಲ್ಲನ್ನು ಇಡುತ್ತಾರೆ. ಚಿರೆಕಲ್ಲು ಗೋಡೆಗೆ ಸರಿ, ಅಲ್ಲಿ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಕಾರಿನ ಅಂಚು ಅದರ ಮೇಲೆ ಕೂರುವುದು ಎರಡು ಬೆರಳಗಲದ ಜಾಗದಲ್ಲಿ. ರಂಧ್ರ ರಂಧ್ರದ ಕಲ್ಲು, ಮಳೆಗೆ ನೆನೆದದ್ದಾದರೆ ಇನ್ನೂ ಮೆತ್ತಗೆ, ಮುನ್ಸೂಚನೆ ಇಲ್ಲದೆ ಪುಡಿಯಾಗಿ ಒಡೆಯುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕೂ ಹಾಗೆಯೇ. ಸಣ್ಣ ಕಾರು ಎಂದರೂ ಎಂಟು ಒಂಬತ್ತುನೂರು ಕಿಲೋ ತೂಕ ಇರುತ್ತದೆ. ಸ್ಟ್ಯಾಂಡಿಗೆ ದುಡ್ಡಿಲ್ಲದಿದ್ದರೆ ಕಾರಿನ ಅಡಿಯ ಕೆಲಸ ಗ್ಯಾರೇಜಿನವರಿಗೇ ಇರಲಿ.

ಕ್ರಮ ಹೀಗಿರಲಿ. ಗಾಡಿ ಮಟ್ಟಸ ಜಾಗದಲ್ಲಿ ನಿಲ್ಲಲಿ. ಗೇರಿನಲ್ಲಿ ಇಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಗಾಲಿಗಳನ್ನು, ಹಾಗಾಗಿ ಹಿಂಬದಿ ಎತ್ತುವಾಗ ಮುಂದಿನ ಎರಡು ಗಾಲಿಗೂ ಎರಡೂ ಕಡೆ ಮರದ ಗಟ್ಟಿ ಬೆಣೆ ಕೊಡಿ. ಗಾಲಿಯ ನಟ್ಟನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಮಣ್ಣಿನ ಅಂಗಳವಾದರೆ ಜಾಕಿನ ಅಡಿಗೂ ಸ್ಟ್ಯಾಂಡಿನ ಅಡಿಗೂ ಒಂದೊಂದು ಇಂಚು ದಪ್ಪದ ಅಗಲ ಹಲಗೆ ಹಾಕಿ. ಆರಿದ್ರಾ ಮಳೆಯಲ್ಲಿ ನೆನೆದ ಕೆಮ್ಮಣ್ಣಿನಲ್ಲಿ ಜಾಕಿನ ಒಂದು ಗಾಲಿ ಹೂತು ಇಡೀ ಜಾಕು ಓರೆಯಾಗುವುದನ್ನು ಒಮ್ಮೆ ನೋಡಿದರೆ ಹಲಗೆ ಮರೆಯುವುದಿಲ್ಲ. ಜಾಕು ಕೊಡುವ ಜಾಗ ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚುಗಳ ನಡುವೆ ಇರುತ್ತದೆ, ಕೈಪಿಡಿಯಲ್ಲಿ ಚಿತ್ರ ಇದೆ. ಸ್ಟ್ಯಾಂಡ್ ಮೇಲೆ ಇಳಿಸಿದ ಬಳಿಕ ಗಾಡಿಯನ್ನು ಕೈಯಲ್ಲಿ ಗಟ್ಟಿಯಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

6. ತುಕ್ಕಿನಿಂದ ಕಾಪಾಡುವುದು

ಕಡಲ ತಡಿಯಲ್ಲಿ ಗಾಳಿಯ ಉಪ್ಪು, ಘಟ್ಟದ ಮೇಲೆ ನಾಲ್ಕು ತಿಂಗಳ ಥಂಡಿ. ಎರಡಕ್ಕೂ ಸೇರಿಕೊಳ್ಳುವುದು ನಮ್ಮ ಕೈಬೆವರು. ಕೆಲಸ ಮುಗಿಸಿ ಪಾನಾವನ್ನು ಹಾಗೇ ಇಟ್ಟರೆ ಕೆಲವು ದಿನದಲ್ಲಿ ಬೆರಳಿಟ್ಟ ಜಾಗದಲ್ಲೇ ಕಂದು ಕಲೆ ಮೂಡಿರುತ್ತದೆ, ಹೆಬ್ಬೆರಳಿನ ಗುರುತು ಸಮೇತ.

ಹಾಗಾಗಿ ಮೊದಲ ಅಭ್ಯಾಸ ಒರೆಸುವುದು. ಹಳೆಯ ಹತ್ತಿ ಬಟ್ಟೆಗೆ ಶುದ್ಧ ಎಂಜಿನ್ ಆಯಿಲ್ ನಾಲ್ಕು ಹನಿ ಹಾಕಿ ತಗಡಿನ ಡಬ್ಬಿಯಲ್ಲಿ ಮುಚ್ಚಿಡಿ. ಪ್ರತಿ ಸಾಮಾನನ್ನೂ ಅದರಲ್ಲಿ ಒರೆಸಿಯೇ ಪೆಟ್ಟಿಗೆಗೆ ಹಾಕಿ. ಕೈಗೆ ಅಂಟುವಷ್ಟು ಬೇಡ, ಹೊಳಪು ಬಂದರೆ ಸಾಕು. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಬೇಡ, ಅದು ಹಳತಾಗಿ ಅಂಟಾಗುತ್ತದೆ, ವಾಸನೆಗೆ ಇಲಿ ಇರುವೆ ಬರುತ್ತವೆ.

ಎರಡನೆಯದು ಜಾಗ. ತೋಟದ ಮನೆಯವರು ಗಮನವಿಟ್ಟು ಓದಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತು ಇರುವ ಕೋಣೆಯಲ್ಲಿ ಟೂಲ್ ಇಡಬೇಡಿ. ಮೈಲುತುತ್ತಿನ ನೀರಿಗೆ ಕಬ್ಬಿಣದ ಕತ್ತಿ ಅದ್ದಿದರೆ ತಾಮ್ರದ ಕೆಂಪು ಲೇಪ ಹತ್ತುವುದನ್ನು ಎಲ್ಲರೂ ನೋಡಿದ್ದೀರಿ. ಆ ಲೇಪ ಹತ್ತುವುದು ಕಬ್ಬಿಣ ಕರಗಿದ್ದರಿಂದ. ಔಷಧಿ ಹೊಡೆದ ದಿನ ಪಂಪು ರಿಪೇರಿ ಮಾಡಿದ ಕೈಯಲ್ಲೇ ಪಾನಾ ಹಿಡಿದರೂ ಅದೇ ಆಗುತ್ತದೆ. ಆ ದಿನ ಸಾಮಾನನ್ನು ಬಾವಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ. ಗೊಬ್ಬರದ ಚೀಲ, ಉಪ್ಪಿನ ಚೀಲದ ಪಕ್ಕವೂ ಬೇಡ. ಕೊಟ್ಟಿಗೆಯೂ ಬೇಡ.

ಸೆಟ್ಟಿನ ಜೊತೆ ಬರುವ ಸ್ಪಂಜಿನ ಹಾಸು ತೇವ ಹೀರಿ ಹಿಡಿದಿಡುತ್ತದೆ, ಕಿತ್ತು ತೆಗೆಯಿರಿ. ಬಿಗಿ ಮುಚ್ಚಳದ ತಗಡಿನ ಟ್ರಂಕು ಅಥವಾ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಸಿಮೆಂಟ್ ನೆಲದ ಮೇಲೆ ಇಡದೆ ಹಲಗೆಯ ಮೇಲಿಡಿ. ಒಳಗೆ ಸಿಲಿಕಾ ಜೆಲ್ (ತೇವ ಹೀರುವ ಹರಳು) ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಡಿ. ಬಣ್ಣದ ಹರಳು ತೇವ ತುಂಬಿದಾಗ ಬಣ್ಣ ಬದಲಿಸುತ್ತದೆ, ಬಿಸಿ ಮಾಡಿದರೆ ಮತ್ತೆ ಒಣಗುತ್ತದೆ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ, ನೀಲಿ ಹರಳಿನಲ್ಲಿ ವಿಷದ ಅಂಶ ಇರುತ್ತದೆ. ಬೇಸಿಗೆಯಲ್ಲಿ ಬೇಕಾದರೆ ಅಡಿಕೆ ದಬ್ಬೆಗೆ ಮೊಳೆ ಹೊಡೆದು ಗೋಡೆಗೆ ಸಾಲಾಗಿ ತೂಗುಹಾಕಿ, ಕೈಗೆ ಸಿಗಲು ಅನುಕೂಲ. ರೋಹಿಣಿ ಮಳೆ ಬೀಳುವ ಮೊದಲು ಎಲ್ಲವೂ ಡಬ್ಬಿಗೆ ಹೋಗಬೇಕು.

ಈಗಾಗಲೇ ತುಕ್ಕು ಹಿಡಿದ ಪಾನಾ ಎಸೆಯಬೇಡಿ. ಬಿಳಿ ವಿನೆಗರಿನಲ್ಲಿ ಒಂದು ರಾತ್ರಿ ಮುಳುಗಿಸಿ, ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ರ್‍ಯಾಚೆಟ್ಟು, ಟಾರ್ಕ್ ರೆಂಚುಗಳನ್ನು ಮಾತ್ರ ಮುಳುಗಿಸಬೇಡಿ.

ಗಾಡಿಯಲ್ಲೇ ತುಕ್ಕು ಹಿಡಿದು ಕೂತ ಬೋಲ್ಟಿಗೆ ತಾಳ್ಮೆಯೇ ಮದ್ದು. ಡಬ್ಲ್ಯುಡಿ-40ಯಂಥ ಒಳಗಿಳಿಯುವ ಎಣ್ಣೆ ಸಂಜೆ ಹೊಡೆದು ಬೆಳಿಗ್ಗೆವರೆಗೆ ಬಿಡಿ. ತಲೆಯ ಮೇಲೆ ಸುತ್ತಿಗೆಯಿಂದ ಸಣ್ಣಗೆ ಬಡಿಯಿರಿ. ರಿಂಗ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ, ಆಮೇಲೆ ಸಡಿಲದ ಕಡೆಗೆ. ಕಿರ್ ಎಂಬ ಸಣ್ಣ ಸದ್ದು ಬಂದರೆ ಬಿಟ್ಟಿತು ಎಂದು ಅರ್ಥ.

7. ಗಾಡಿಯಲ್ಲಿ ಇರಬೇಕಾದದ್ದು

ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಓಡಾಡುವವರು ಬೇರೆಯದೇ ಸಣ್ಣ ಚೀಲ ಇಡಿ. ಪಂಕ್ಚರ್ ಕಿಟ್, 12 ವೋಲ್ಟಿನ ಗಾಳಿ ಪಂಪು, ಗೇಜು, ಟಾರ್ಚು, 10 ಮತ್ತು 12ರ ಪಾನಾ, ಫ್ಯೂಸು, ಟೇಪು, ಕೇಬಲ್ ಟೈ, ರೇನ್‌ಕೋಟು, ಕೆಂಪು ತ್ರಿಕೋನ. ಕಾರಿನವರು ಎಲ್ ಆಕಾರದ ಗಾಲಿ ಪಾನಾದ ಬದಲು ಕೂಡು ಪಾನಾ (ನಾಲ್ಕು ಕೈಯ ಕ್ರಾಸ್) ಇಟ್ಟುಕೊಂಡರೆ ಎರಡೂ ಕೈಯ ಬಲ ಸಿಗುತ್ತದೆ. 17, 19, 21 ಮೂರೂ ಅದರಲ್ಲಿ ಇರುತ್ತವೆ. ತಿರುವಿನಲ್ಲಿ, ಇಳಿಜಾರಿನಲ್ಲಿ ಜಾಕು ಹಾಕಬೇಡಿ. ಟೈರು ಹಾಳಾದರೂ ಚಿಂತೆಯಿಲ್ಲ, ನಿಧಾನ ಉರುಳಿಸಿ ಮಟ್ಟಸ ಜಾಗಕ್ಕೆ ತಂದು ನಿಲ್ಲಿಸಿ. ವರ್ಷಕ್ಕೊಮ್ಮೆ ಸ್ಟೆಪ್ನಿಯ ಗಾಳಿಯನ್ನೂ ನೋಡಿ.

8. ಮನೆಯಲ್ಲಿ ಮಾಡಬಾರದ್ದು

ಏರ್‌ಬ್ಯಾಗಿನ ಹಳದಿ ಕನೆಕ್ಟರು, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲು, ಮುಂಗಾಲಿಯ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು, ಇವು ಮೂರನ್ನು ಮುಟ್ಟಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ತೆರೆದು ಉಳಿದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಮಳೆ ಎಂದು ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಭಾಗಗಳನ್ನು ತೊಳೆಯಲು ಪೆಟ್ರೋಲ್ ಬೇಡ, ಡೀಸೆಲ್ ಸಾಕು.

ಇಳಿಸಿದ ಸುಟ್ಟ ಆಯಿಲನ್ನು ಹಳೆಯ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅವರಿಂದ ಕೊಳ್ಳುವವರಿದ್ದಾರೆ. ಒರಲೆ ಬಾರದಿರಲಿ ಎಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ಇದೆ, ಬಾವಿಯ ಹತ್ತಿರದ ಗೂಟಕ್ಕೆ ದಯವಿಟ್ಟು ಬಳಿಯಬೇಡಿ. ನಮ್ಮ ಕೆಮ್ಮಣ್ಣು ಒಂದೇ ಮಳೆಗೆ ಅದನ್ನು ಕೆಳಗಿಳಿಸುತ್ತದೆ, ಕುಡಿಯುವ ನೀರು ಅದೇ ಮಣ್ಣಿನೊಳಗಿಂದ ಬರುವುದು.

9. ಎಣಿಕೆ

ಎಲ್ಲ ಸಾಮಾನಿನ ಹಿಡಿಕೆಗೆ ಒಂದೇ ಬಣ್ಣದ ಪೇಂಟಿನ ಪಟ್ಟಿ ಎಳೆಯಿರಿ. ಅಕ್ಕಪಕ್ಕದವರು ಕೇಳಿ ಒಯ್ದಾಗ ಯಾರದ್ದು ಯಾವುದು ಎಂದು ತಿಳಿಯುತ್ತದೆ. ಡಬ್ಬಿಯ ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ, ಒಯ್ದವರ ಹೆಸರು ಪೆನ್ಸಿಲಿನಲ್ಲಿ ಬರೆಯಿರಿ. ಕೆಲಸ ಮುಗಿದ ಮೇಲೆ ಬಾನೆಟ್ ಮುಚ್ಚುವ ಮೊದಲು ಪಟ್ಟಿ ನೋಡಿ ಒಂದೊಂದನ್ನೂ ಎಣಿಸಿ. ಕಾಣೆಯಾಗುವುದು ಹೆಚ್ಚಾಗಿ 10ರ ಪಾನಾ, ಅದು ಬ್ಯಾಟರಿಯ ತಟ್ಟೆಯ ಕೆಳಗೋ ಫ್ಯಾನಿನ ಬಳಿಯೋ ಬಿದ್ದಿರುತ್ತದೆ. ಸಿಗುವವರೆಗೆ ಚಾವಿ ತಿರುಗಿಸಬೇಡಿ.